ಮೊದಲ ಸಲ ಸಿಕ್ಕಿಬಿದ್ದರೆ ವಿಮೆಗೆ ಏನಾಗುತ್ತೆ?

ಕುಡಿದು ಗಾಡಿ ಓಡಿಸುವ ವಿಷಯ ಬಂದಾಗ ಹಾಸ್ಟೆಲ್‌ನಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಹತ್ತು ಸಾವಿರ ಕಟ್ಟಿದ್ರೆ ಮುಗೀತು." ಇನ್ನೊಂದು, "ಇನ್ಶೂರೆನ್ಸ್ ಪ್ರೀಮಿಯಂ ಡಬಲ್ ಆಗುತ್ತಂತೆ." ನಮ್ಮ ದೇಶದ ಮಟ್ಟಿಗೆ ಎರಡೂ ಅರ್ಧಂಬರ್ಧ.

ಮೊದಲು ದಂಡದ ಲೆಕ್ಕ. 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೆಲ್ಮೆಟ್ ಕೇಸಿನ ಹಾಗೆ ರಸ್ತೆಯಲ್ಲೇ ಕಟ್ಟಿ ಹೊರಡೋಕೆ ಆಗಲ್ಲ, ಕೋರ್ಟಿಗೆ ಹೋಗಬೇಕು.

ಪ್ರೀಮಿಯಂ ಏರುವ ಮಾತು ಹೆಚ್ಚಾಗಿ ಅಮೆರಿಕದ್ದು. ಅಲ್ಲಿ ಒಮ್ಮೆ ಶಿಕ್ಷೆಯಾದರೆ ಕಂಪನಿಗಳು ದರ ಏರಿಸುತ್ತವೆ. ವಿಮೆ ಇದೆ ಅಂತ ಕಂಪನಿಯಿಂದಲೇ ಸರ್ಕಾರಕ್ಕೆ ಎಸ್‌ಆರ್-22 ಎಂಬ ಫಾರ್ಮ್ ಹೋಗಬೇಕು ಎಂದು ಹಲವು ರಾಜ್ಯಗಳು ಕೇಳುತ್ತವೆ. ಎಂಎಸ್‌ಗೆ ಹೊರಟಿರುವ ಸೀನಿಯರ್‌ಗಳು ಇದನ್ನು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್‌ನಲ್ಲಿ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ. ಓಡಿಸುವವರು ಕುಡೀತಾರಾ ಇಲ್ವಾ ಅಂತ ಆ ಪಟ್ಟಿ ಕೇಳಲ್ಲ. ನೋ ಕ್ಲೇಮ್ ಬೋನಸ್ ಕೂಡ ಕ್ಲೇಮ್ ಮಾಡಿದರೆ ಹೋಗುತ್ತದೆ, ದಂಡ ಕಟ್ಟಿದ್ದಕ್ಕಲ್ಲ. ಸಂಚಾರ ನಿಯಮ ಮುರಿದವರಿಗೆ ಪಾಯಿಂಟ್ ಹಾಕಿ ಹೆಚ್ಚು ಪ್ರೀಮಿಯಂ ವಸೂಲಿ ಮಾಡಬೇಕೆಂಬ ಸಲಹೆ 2021ರಲ್ಲಿ ವಿಮಾ ನಿಯಂತ್ರಕರ ಮುಂದೆ ಬಂತು. ಅದರಲ್ಲಿ ಕುಡಿದು ಓಡಿಸೋದಕ್ಕೆ 100 ಪಾಯಿಂಟ್, ತಪ್ಪು ಪಾರ್ಕಿಂಗ್‌ಗೆ 10.

ಹಾಗಾದ್ರೆ ಬಚಾವ್ ಅಂತೀರಾ? ನಿಜವಾದ ಪೆಟ್ಟು ಬೀಳೋದು ಪ್ರೀಮಿಯಂಗಲ್ಲ, ವಿಮೆಗೇ. ಪಾಲಿಸಿಯಲ್ಲಿ ಸ್ವಂತ ಗಾಡಿಯ ಹಾನಿಯ ಭಾಗ ತೆಗೆದು ಓದಿ. ಮಾಲೀಕರು, ಅಥವಾ ಅವರ ಅರಿವು ಮತ್ತು ಒಪ್ಪಿಗೆಯಿಂದ ಓಡಿಸುತ್ತಿದ್ದವರು, ಮದ್ಯದ ಅಮಲಿನಲ್ಲಿದ್ದರೆ ಹಣ ಕೊಡುವುದಿಲ್ಲ ಎಂಬ ಷರತ್ತು ಅಲ್ಲಿದೆ. ಮೊದಲ ಸಲವೋ ಹತ್ತನೇ ಸಲವೋ, ಆ ಷರತ್ತಿಗೆ ಎರಡೂ ಒಂದೇ. 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯಲ್ಲೂ ಇಂಥದ್ದೇ ಸಾಲಿದೆ. ಅಂದ್ರೆ ಓಡಿಸುತ್ತಿದ್ದವನು ಸತ್ತರೂ ಮನೆಯವರಿಗೆ ಅದು ಸಿಗೋದಿಲ್ಲ.

ಬ್ರೆತ್ ಅನಲೈಸರ್‌ನ ಕ್ಯಾಲಿಬ್ರೇಷನ್ ಸರಿಯಿಲ್ಲ ಅಂತ ವಾದಿಸಲು ಹೊರಡುವ ನಮ್ಮಂಥ ತಲೆಗಳಿಗೆ ಒಂದು ಕೇಸು ಹೇಳಬೇಕು. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಒಂದು ಪೋರ್ಷೆ ಕಾರು ಅಪಘಾತಕ್ಕೀಡಾಗಿ ಪೂರ್ತಿ ಹಾಳಾಯಿತು. ಡ್ರೈವರ್‌ಗೆ ಉಸಿರಿನ ಪರೀಕ್ಷೆಯೂ ಆಗಿರಲಿಲ್ಲ, ರಕ್ತದ ಪರೀಕ್ಷೆಯೂ ಆಗಿರಲಿಲ್ಲ. ಮದ್ಯದ ವಾಸನೆ ಇತ್ತು ಅಂತ ಆಸ್ಪತ್ರೆಯ ದಾಖಲೆಯಲ್ಲಿತ್ತು, ಅಷ್ಟೇ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಕಾರಿನ ಕಂಪನಿ ಗೆದ್ದಿತ್ತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಪರೀಕ್ಷೆ ಆಗಿಲ್ಲ ಎಂಬ ಒಂದೇ ಕಾರಣಕ್ಕೆ ವಿಮಾ ಕಂಪನಿಯ ಬಾಯಿ ಕಟ್ಟಲಾಗದು, ಸಂದರ್ಭ ನೋಡಿಯೂ ಅಮಲನ್ನು ನಿರ್ಧರಿಸಬಹುದು ಎಂಬುದು ಅದರ ನಿಲುವು.

ಗಾಡಿ ಹೋದರೆ ಹೋಗಲಿ, ಎದುರಿಗೆ ಇದ್ದವರ ಗತಿ? ಅವರಿಗೆ ಮೊದಲು ವಿಮಾ ಕಂಪನಿಯೇ ಪರಿಹಾರ ಕೊಡಲಿ, ಆಮೇಲೆ ಮಾಲೀಕ ಮತ್ತು ಚಾಲಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳಿವೆ. 2023ರಲ್ಲಿ ಕೇರಳ ಹೈಕೋರ್ಟ್ ಕುಡಿದ ಚಾಲಕನ ಕೇಸಿನಲ್ಲೇ ಹಾಗೆ ತೀರ್ಪಿತ್ತಿತು. ಇದು ನ್ಯಾಯವೇ ಅಂತ ನಮಗನಿಸುತ್ತದೆ. ಗಾಯಗೊಂಡವರು ಕಾಯಬೇಕಾಗಿಲ್ಲ. ಆದರೆ "ಮಾಲೀಕ" ಅಂದ್ರೆ ಯಾರು? ನಮ್ಮಲ್ಲಿ ಬಹಳಷ್ಟು ಜನರ ಆರ್‌ಸಿಯಲ್ಲಿ ಇರೋದು ಅಪ್ಪನ ಹೆಸರು. ನ್ಯಾಯಮಂಡಳಿ 20 ಲಕ್ಷ ಪರಿಹಾರ ವಿಧಿಸಿತು ಅಂದುಕೊಳ್ಳಿ, ವಸೂಲಿ ನೋಟಿಸು ಹೋಗೋದು ಊರಿನ ಮನೆ ಬಾಗಿಲಿಗೆ. "ಮಗಾ, ಕೀ ಕೊಡೋ, ಐದು ನಿಮಿಷ" ಅಂತ ಕೇಳಿದ ಗೆಳೆಯ ಕುಡಿದಿದ್ದಾನೆ ಅಂತ ಗೊತ್ತಿದ್ದೂ ಕೊಟ್ಟರೆ ಕಥೆ ಬೇರೆಯಾಗಲ್ಲ. ಅರಿವು, ಒಪ್ಪಿಗೆ ಎರಡೂ ಆಗಿಬಿಟ್ಟವಲ್ಲ.

ಇನ್ನು ಲೈಸೆನ್ಸ್. 185ರ ಕೇಸಿನಲ್ಲಿ ಪೊಲೀಸರು ಅದನ್ನು ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬಹುದು, ಅಲ್ಲಿ ಅಮಾನತಾಗಬಹುದು. ಆ ಅವಧಿಯಲ್ಲಿ ಒಂದು ತೊಟ್ಟೂ ಕುಡಿಯದೆ ಗಾಡಿ ಓಡಿಸಿ ಅಪಘಾತವಾದರೂ, ಓಡಿಸಲು ಅರ್ಹತೆ ಇರಲಿಲ್ಲ ಎಂಬ ಕಾರಣಕ್ಕೇ ಕಂಪನಿ ತಕರಾರು ತೆಗೆಯಬಹುದು.