ಬೀಗದ ಕೈಗಿಂತ ಮುಂಚೆ ಹಣ ಬೇಡ

ಜರ್ಮನಿಗೆ ಓದಲೋ ದುಡಿಯಲೋ ಹೊರಟವರು ವಿಮಾನ ಹತ್ತುವ ಮೊದಲೇ ಮನೆ ಗೊತ್ತಾಗಿಬಿಡಲಿ ಎಂದು ಆತುರಪಡುವುದು ಸಹಜ. ಮೋಸಗಾರರ ಬಂಡವಾಳವೂ ಆ ಆತುರವೇ. ಮ್ಯೂನಿಕ್‌ನ ನಟ್ಟನಡುವೆ ಅಗ್ಗದ ಫ್ಲ್ಯಾಟು, ಮಾಲೀಕ ಪರದೇಶದಲ್ಲಿ, ಮುಂಗಡ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎಂದರೆ, ಮಾತು ಅಲ್ಲಿಗೇ ನಿಲ್ಲಿಸಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದ ನಮಗೆ ಎಷ್ಟು ಕೇಳಿದರೂ ಅನುಮಾನ ಬರುವುದಿಲ್ಲ, ಅದೇ ತೊಂದರೆ. ಜರ್ಮನಿಯ ಕಾನೂನಿನಂತೆ ಠೇವಣಿ 3 ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನೂ 3 ಕಂತಿನಲ್ಲಿ ಕೊಡಬಹುದು, ಮೊದಲ ಕಂತು ಬಾಡಿಗೆ ಅವಧಿ ಶುರುವಾದಾಗ. ಈ ಮೂಲ ಬಾಡಿಗೆಯೇ ‘ಕಾಲ್ಟ್‌ಮೀಟ’. ಹೀಟಿಂಗ್, ನೀರು, ಕಸದ ಖರ್ಚು ಕೂಡಿದರೆ ‘ವಾರ್ಮ್‌ಮೀಟ’. ಜಾಹೀರಾತಿನಲ್ಲಿರುವುದು ಯಾವುದೆಂದು ಕೇಳಿಯೇ ಲೆಕ್ಕ ಹಾಕಿ.

“ತಡಮಾಡಿದರೆ ಮನೆ ಕೈತಪ್ಪುತ್ತದಲ್ಲ?” ಎನ್ನುತ್ತೀರಿ. ತಪ್ಪಬಹುದು, ಅಲ್ಲಿ ಮನೆಗಳಿಗೆ ಅಷ್ಟು ಬರ. ಆದರೂ ಒಂದೆರಡು ತಿಂಗಳು ತಾತ್ಕಾಲಿಕ ಕೋಣೆಯಲ್ಲಿದ್ದು, ಕಣ್ಣಾರೆ ನೋಡಿ ಒಪ್ಪುವುದು ಕಳೆದುಕೊಂಡ ಠೇವಣಿಗಿಂತ ಅಗ್ಗ. ಆ ಕೋಣೆ ಹಿಡಿಯುವಾಗಲೂ ವಿಳಾಸ ನೋಂದಣಿಗೆ ಬೇಕಾದ ದೃಢೀಕರಣ ಪತ್ರ ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಮನೆ ಸೇರಿದ 2 ವಾರದೊಳಗೆ ನೋಂದಣಿ ಮಾಡಿಸಬೇಕು. ಆ ಪತ್ರವಿಲ್ಲದೆ ಅದು ಆಗುವುದಿಲ್ಲ.