ಪಿಕಪ್ ಗಾಡಿಯ ಏರ್ ಫಿಲ್ಟರ್: ಕಂಪನಿ ಡಬ್ಬಿಯನ್ನು ಬದಲಿಸುವ ಮುನ್ನ



ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಸೀಮೆ ನಮ್ಮದು. ಎತ್ತಿನ ಬೇಸಾಯದ ಕಾಲದಲ್ಲಿ ನಮ್ಮ ಹಿರಿಯರು ರಾಸುಗಳ ಮೇವು, ನೀರು, ಲಾಳ ಎಲ್ಲವನ್ನೂ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಇಂದು ಶಿವನಿಯ ಸುತ್ತಣ ಅಡಿಕೆ ತೋಟಗಳಲ್ಲಿಯೂ, ಸಂತವೇರಿ, ಕೆಮ್ಮಣ್ಣುಗುಂಡಿ ಕಡೆಯ ಕಾಫಿ ತೋಟಗಳಲ್ಲಿಯೂ ಆ ಜೋಡೆತ್ತಿನ ಕೆಲಸವನ್ನು ಡೀಸೆಲ್ ಪಿಕಪ್ ಮಾಡುತ್ತಿದೆ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ನಾಲ್ಕು ಎಕರೆಯ ಬೆಳೆಗಾರನೂ ಗಾಡಿ ಇಡುವಂತಾಯಿತು. ಆದರೆ ಈ ಹೊಸ ಎತ್ತಿನ ಮೂಗಿನೊಳಗೆ ಏನು ಹೋಗುತ್ತಿದೆ ಎಂಬುದನ್ನು ನಮ್ಮಲ್ಲಿ ನೋಡುವವರು ಕಡಿಮೆ.

ಕಂಪನಿಯವರು ಕೂರಿಸಿದ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆಸಿ, ಬೇರೆ ಬಗೆಯ ಫಿಲ್ಟರ್ ಹಾಕಿಸಿದರೆ ಗಾಡಿಯ ಎಳೆತ ಹೆಚ್ಚುತ್ತದೆಯೇ ಎಂದು ಕೆಲವು ಸದಸ್ಯರು ಸಂಘದ ಕಚೇರಿಗೆ ಬಂದಾಗ ಕೇಳಿದ್ದುಂಟು. ಈ ವಿಷಯದಲ್ಲಿ ಬರೆಯಲು ನಮಗೆ ಪುಸ್ತಕದ ತಿಳಿವಳಿಕೆಗಿಂತ ಕೈ ಸುಟ್ಟುಕೊಂಡ ಅನುಭವವೇ ಹೆಚ್ಚಿನ ಅರ್ಹತೆ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇವೆ.

ನಮ್ಮ ಮನೆಯಲ್ಲಿ ಆದದ್ದು

ನಮ್ಮ ಪಿಕಪ್ ಎರಡು ವರ್ಷ ಓಡಿದ ಮೇಲೆ ಏರು ಹತ್ತುವಾಗ ಮಂಕಾದಂತೆ ಕಾಣಿಸಿತು. ಪಟ್ಟಣದ ಅಂಗಡಿಯೊಂದರಲ್ಲಿ, “ಕಂಪನಿ ಡಬ್ಬಿ ಗಾಳಿ ಕಟ್ಟುತ್ತದೆ ಸಾರ್, ಇದನ್ನು ಕಿತ್ತು ತೆರೆದ ಫಿಲ್ಟರ್ ಹಾಕಿಸಿ, ಕುದುರೆಯಂತೆ ಓಡುತ್ತದೆ” ಎಂದರು. ಹಾಕಿಸಿದೆವು. ಇಂಜಿನ್ನಿನ ಸದ್ದು ಜೋರಾಯಿತು. ಸದ್ದು ಜೋರಾದದ್ದನ್ನೇ ಶಕ್ತಿ ಹೆಚ್ಚಿತೆಂದು ತಿಳಿದು ಸಂತೋಷಪಟ್ಟೆವು. ಆ ಬೇಸಿಗೆಯಲ್ಲಿ ತೋಟಕ್ಕೆ ಕೆರೆಗೋಡು ಹೊಡೆಸಿದೆವು. ಸಾಲಾಗಿ ಹೋಗುವ ಟ್ರ್ಯಾಕ್ಟರುಗಳ ಹಿಂದೆ, ಮುಂದಿನ ಗಾಡಿ ಕಾಣದಷ್ಟು ಧೂಳಿನಲ್ಲಿ, ಒಂದು ತಿಂಗಳಿಗೂ ಹೆಚ್ಚು ಕಾಲ ನಮ್ಮ ಪಿಕಪ್ ಓಡಾಡಿತು.

ಮಳೆಗಾಲದ ಹೊತ್ತಿಗೆ ಬೆಳಿಗ್ಗೆ ಸ್ಟಾರ್ಟ್ ಆಗಲು ಗಾಡಿ ತಡಮಾಡತೊಡಗಿತು. ಇಂಜಿನ್ ಆಯಿಲ್ ತನ್ನಷ್ಟಕ್ಕೆ ಇಳಿಯಿತು. ಹೊಗೆ ನೀಲಿ ಬಣ್ಣಕ್ಕೆ ತಿರುಗಿತು. ಬಿಚ್ಚಿಸಿ ನೋಡಿದರೆ ಲೈನರಿನ ಮೇಲ್ಭಾಗ ಉಗುರಿಗೆ ತಾಗುವಷ್ಟು ಸವೆದಿತ್ತು, ರಿಂಗುಗಳು ತೆಳುವಾಗಿದ್ದವು, ಟರ್ಬೊ ಚಕ್ರದ ರೆಕ್ಕೆಗಳ ಅಂಚು ಮೊಂಡಾಗಿತ್ತು. ರಿಪೇರಿಗೆ ಒಂದು ಲಕ್ಷ ರೂಪಾಯಿಯ ಮೇಲೆ ಬಿದ್ದಿತು. ಆಗಿನ ಬೆಲೆಯಲ್ಲಿ ಎರಡು ಕ್ವಿಂಟಲಿಗೂ ಹೆಚ್ಚು ರಾಶಿ ಅಡಿಕೆಯ ಹಣ ಅದು.

ಇದು ನಮ್ಮೊಬ್ಬರ ನಷ್ಟವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಕಾರ್ಯದರ್ಶಿಗಳೇ ಹಾಕಿಸಿದ್ದಾರೆಂದು ನಮ್ಮ ಗಾಡಿಯನ್ನು ನೋಡಿ ಇನ್ನಿಬ್ಬರು ಸದಸ್ಯರು ಹಾಗೆಯೇ ಮಾಡಿಸಿಕೊಂಡಿದ್ದರು. ಒಬ್ಬರು ಸಮಯಕ್ಕೆ ಎಚ್ಚೆತ್ತು ಹಳೆಯ ಡಬ್ಬಿಯನ್ನೇ ಕೂರಿಸಿಕೊಂಡರು. ಇನ್ನೊಬ್ಬರದು ಸಾಲದ ಗಾಡಿ. ಗೊನೆ ಇಳಿಸುವ ಹೊತ್ತಿಗೆ ಅದು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕುಳಿತಿತ್ತು. ಕೊಯ್ದ ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ. ಅವರು ಬಾಡಿಗೆ ಗಾಡಿಯಲ್ಲಿ ಸಾಗಿಸಿ, ಕಂತನ್ನೂ ಕಟ್ಟಿ, ರಿಪೇರಿಯನ್ನೂ ಮಾಡಿಸಬೇಕಾಯಿತು. ಪದವಿ ಪಡೆದ ನಾವು ಮೊದಲೇ ಓದಿ ತಿಳಿದುಕೊಳ್ಳಬೇಕಾಗಿದ್ದುದನ್ನು ಆಮೇಲೆ ಓದಿಕೊಂಡೆವು. ಆ ಪಾಠವೇ ಮುಂದಿನದು.

ಇಂಜಿನ್ ಎಷ್ಟು ಗಾಳಿ ಕುಡಿಯುತ್ತದೆ?

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಡೀಸೆಲಿಗೆ ಕನಿಷ್ಠ 10,000 ಲೀಟರ್ ಗಾಳಿ. ವಾಸ್ತವದಲ್ಲಿ ಡೀಸೆಲ್ ಇಂಜಿನ್ ಇದಕ್ಕಿಂತ ಹೆಚ್ಚಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ಇನ್ನೊಂದು ರೀತಿಯಲ್ಲಿ ನೋಡೋಣ. ಎರಡೂವರೆ ಲೀಟರ್ ಸಾಮರ್ಥ್ಯದ ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಇದು ಸುಮಾರು 2,500 ಲೀಟರ್ ಆಗುತ್ತದೆ, ಗಂಟೆಗೆ ಒಂದೂವರೆ ಲಕ್ಷ ಲೀಟರ್. 5,000 ಲೀಟರಿನ ನೀರಿನ ಟ್ಯಾಂಕರಿನಲ್ಲಿ ಅಳೆದರೆ ಗಂಟೆಗೆ 30 ಟ್ಯಾಂಕರ್! ಟರ್ಬೊ ಇರುವ ಇಂಜಿನ್ನಿಗೆ ಇದಕ್ಕೂ ಹೆಚ್ಚು. ಈ ಗಾಳಿಯೆಲ್ಲ ಬರುವುದು ನಮ್ಮ ಮಣ್ಣು ರಸ್ತೆಯಿಂದ ಎಂಬುದನ್ನು ಮನಗಾಣಬೇಕು.

ಧೂಳು ಮಾಡುವ ಕೇಡು

ನಮ್ಮ ಕಣ್ಣಿಗೆ ಮೆತ್ತಗೆ ಕಾಣುವ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಬೆಣಚುಕಲ್ಲು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ದಪ್ಪ ಮರಳು ಬೇಗ ಕೆಳಗೆ ಬಿದ್ದುಹೋಗುತ್ತದೆ. ಗಾಳಿಯಲ್ಲಿ ತೇಲಿ ಇಂಜಿನ್ನಿನವರೆಗೆ ಬರುವುದು ಐದರಿಂದ ಇಪ್ಪತ್ತು ಮೈಕ್ರಾನಿನ ನುಣ್ಣನೆಯ ಪುಡಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಪಿಸ್ಟನ್ ರಿಂಗಿಗೂ ಲೈನರಿಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನಿನದು. ಆ ಪದರಕ್ಕಿಂತ ದಪ್ಪನಾದ ಹರಳು ಬಂದು ಸೇರಿದರೆ ಎರಡೂ ಕಡೆಯ ಲೋಹವನ್ನು ಉಜ್ಜುತ್ತದೆ.

ಮೆಕ್ಯಾನಿಕರು ವಾಲ್ವ್ ಕೂರಿಸಲು ಗ್ರೈಂಡಿಂಗ್ ಪೇಸ್ಟ್ ಬಳಸುವುದನ್ನು ತಾವು ನೋಡಿರಬಹುದು. ಗಟ್ಟಿಯಾದ ಪುಡಿಯನ್ನು ಗ್ರೀಸಿನಲ್ಲಿ ಕಲಸಿದರೆ ಲೋಹವನ್ನು ತಿನ್ನುವ ಪೇಸ್ಟ್ ಸಿದ್ಧವಾಗುತ್ತದೆ. ಇಂಜಿನ್ ಆಯಿಲಿನಲ್ಲಿ ಧೂಳು ಸೇರಿದರೂ ಅದೇ ಪೇಸ್ಟ್. ವ್ಯತ್ಯಾಸವೆಂದರೆ ಮೆಕ್ಯಾನಿಕ್ ತನ್ನ ಕೆಲಸ ಮುಗಿದ ಮೇಲೆ ಅದನ್ನು ತೊಳೆದುಬಿಡುತ್ತಾನೆ. ಇಂಜಿನ್ನಿನೊಳಗೆ ಅದು ರಾತ್ರಿಹಗಲು ಸುತ್ತುತ್ತಿರುತ್ತದೆ.

ಕಂಪನಿ ಡಬ್ಬಿ ಮಾಡುವ ಕೆಲಸ

ಡಬ್ಬಿ ಎಂದರೆ ಫಿಲ್ಟರನ್ನು ಮುಚ್ಚಿಡುವ ಮುಚ್ಚಳ ಮಾತ್ರವಲ್ಲ. ಗಾಳಿ ಎಳೆಯುವ ಬಾಯಿಯನ್ನು ಚಕ್ರದ ಧೂಳು ಮತ್ತು ಇಂಜಿನ್ನಿನ ಬಿಸಿ ಎರಡರಿಂದಲೂ ಆದಷ್ಟು ದೂರ ಇಟ್ಟಿರುತ್ತಾರೆ. ಕೆಲವು ಡಬ್ಬಿಗಳಲ್ಲಿ ಗಾಳಿ ಮೊದಲು ಸುತ್ತಿಕೊಂಡು ಬರುವುದರಿಂದ ದಪ್ಪ ಧೂಳು ಬದಿಗೆ ಸಿಡಿದು, ಕೆಳಗಿರುವ ರಬ್ಬರ್ ಕೊಕ್ಕಿನ ಮೂಲಕ ಹೊರಬೀಳುತ್ತದೆ. ಉಳಿದದ್ದನ್ನು ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್ ಹಿಡಿಯುತ್ತದೆ. ಸರಿಯಾಗಿ ಕೂತ ಒಳ್ಳೆಯ ಕಾಗದದ ಫಿಲ್ಟರ್ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಧೂಳನ್ನು ತಡೆಯಬಲ್ಲದು.

ಇನ್ನು ಶಕ್ತಿಯ ಮಾತು. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯನ್ನು ಬಿಗಿಹಿಡಿದು, ಬಿಟ್ಟು ಶಕ್ತಿಯನ್ನು ಏರಿಳಿಸುತ್ತಾರೆ. ಡೀಸೆಲಿನಲ್ಲಿ ಶಕ್ತಿ ಏರಿಳಿಯುವುದು ಒಳಗೆ ಚಿಮ್ಮುವ ಡೀಸೆಲಿನ ಅಳತೆಯಿಂದ. ಗಾಳಿ ಅದಕ್ಕೆ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತಿರುತ್ತದೆ. ಆದ್ದರಿಂದ ಡೀಸೆಲಿನ ಅಳತೆ ಇದ್ದಷ್ಟೇ ಇರುವಾಗ ಫಿಲ್ಟರನ್ನು ತೆರೆದಿಟ್ಟರೆ ಎಳೆತ ಹೆಚ್ಚುವುದಿಲ್ಲ. ಹೆಚ್ಚಿದಂತೆ ಕಂಡರೆ ಹಳೆಯ ಫಿಲ್ಟರ್ ಕಟ್ಟಿಕೊಂಡಿತ್ತು ಎಂದೇ ಅರ್ಥ. ನಮ್ಮ ಗಾಡಿಯ ರೋಗವೂ ಅದೇ ಆಗಿತ್ತು. ಕೆಲವು ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರ್ ಹಾಕಿದ್ದರೆ ಮುಗಿಯುತ್ತಿತ್ತು.

ಬದಲಿ ಕ್ರಮಗಳ ಗುಣದೋಷ

1. ತೆರೆದ ಫಿಲ್ಟರ್: ಎಣ್ಣೆ ಸವರಿದ ಹತ್ತಿಬಟ್ಟೆಯ, ಶಂಕುವಿನ ಆಕಾರದ ಫಿಲ್ಟರ್ ಇದು. ತೊಳೆದು ಮತ್ತೆ ಬಳಸಬಹುದೆಂಬುದು ಇದರ ಆಕರ್ಷಣೆ. ಆದರೆ ನುಣ್ಣನೆಯ ಧೂಳನ್ನು ಇದು ಕಾಗದದಷ್ಟು ಹಿಡಿಯದು. ಡಬ್ಬಿಯಿಲ್ಲದೆ ಇಂಜಿನ್ನಿನ ಬದಿಯಲ್ಲೇ ಕೂರುವುದರಿಂದ ಬಿಸಿ ಗಾಳಿಯನ್ನೂ, ಚಕ್ರ ಎಬ್ಬಿಸುವ ಧೂಳನ್ನೂ ಎಳೆಯುತ್ತದೆ. ತೊಳೆದ ಮೇಲೆ ಎಣ್ಣೆ ಹೆಚ್ಚಾದರೆ ಅದು ಹಾರಿ ಗಾಳಿ ಅಳೆಯುವ ಸೆನ್ಸರಿಗೆ ಅಂಟಿ ಲೆಕ್ಕ ತಪ್ಪಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಗಾಡಿಗಳನ್ನು ಇಟ್ಟುಕೊಂಡವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ನಮ್ಮ ರಸ್ತೆಗಳಿಗೆ ಇದು ಸಲ್ಲದು.

2. ಎಣ್ಣೆ ಬಟ್ಟಲಿನ ಏರ್ ಕ್ಲೀನರ್: ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ ಇದನ್ನು ನಂಬಿ ನಾವೆಲ್ಲ ದುಡಿದಿದ್ದೇವೆ. ಗಾಳಿ ಎಣ್ಣೆಯ ಮೇಲೆ ಬಡಿದು ತಿರುಗುವಾಗ ಧೂಳು ಎಣ್ಣೆಯಲ್ಲಿ ಉಳಿಯುತ್ತದೆ. ಎಣ್ಣೆ ಬದಲಿಸಿದರೆ ಸಾಕು, ಬಿಡಿಭಾಗದ ಖರ್ಚಿಲ್ಲ. ಆದರೆ ಇಂಜಿನ್ ನಿಧಾನವಾಗಿ ತಿರುಗುವಾಗ ಇದರ ಸೋಸುವ ಶಕ್ತಿ ಕುಗ್ಗುತ್ತದೆ. ಮೇಲಾಗಿ ಒಂದು ಅಪಾಯವುಂಟು. ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿದರೆ, ಅಥವಾ ಗಾಡಿ ಘಾಟಿಯಲ್ಲಿ ಬಹಳ ವಾಲಿದರೆ, ಎಣ್ಣೆ ಇಂಜಿನ್ನಿನೊಳಕ್ಕೆ ಹೋಗಬಹುದು. ಡೀಸೆಲ್ ಇಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡತೊಡಗುತ್ತದೆ. ಆದ್ದರಿಂದ ಹಳೆಯ ಟ್ರ್ಯಾಕ್ಟರಿನ ಬಟ್ಟಲನ್ನು ಇಂದಿನ ಟರ್ಬೊ ಪಿಕಪ್ಪಿಗೆ ಜೋಡಿಸಕೂಡದು.

3. ಅಗ್ಗದ ನಕಲಿ ಕಾಗದ: ಡಬ್ಬಿ ಕಂಪನಿಯದೇ, ಒಳಗಿನ ಫಿಲ್ಟರ್ ಮಾತ್ರ ಬೇರೆ. ಮಡಿಕೆಗಳು ಕಡಿಮೆ, ಅಂಚಿನ ರಬ್ಬರ್ ಗಟ್ಟಿ. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಗಾಳಿ ಸುಲಭದ ದಾರಿಯಾದ ಆ ಸಂದಿಯಿಂದಲೇ ನುಗ್ಗುತ್ತದೆ. ಕಡಿಮೆ ಬೆಲೆಯನ್ನು ನೋಡಿ ಮೋಸಹೋಗಬಾರದು.

4. ಕಂಪನಿ ಡಬ್ಬಿಯ ಮುಂದೆ ಧೂಳು ಬೇರ್ಪಡಿಸುವ ಬಟ್ಟಲು: ಟ್ರ್ಯಾಕ್ಟರಿನ ಬಾನೆಟ್ ಮೇಲೆ ಕಾಣುವಂಥದು. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಮೊದಲೇ ಉದುರಿಸುತ್ತದೆ. ಬಾಯಿಯನ್ನು ಎತ್ತರಕ್ಕೆ ಒಯ್ದಷ್ಟೂ ಧೂಳು ಕಡಿಮೆ. ಕೆರೆಗೋಡು, ಜಲ್ಲಿ ಹೊಡೆಯುವ ಗಾಡಿಗೆ ನಾವು ಒಪ್ಪುವ ಬದಲಾವಣೆ ಇದೊಂದೇ. ಕೊಳವೆ ಮೊದಲಿನದಕ್ಕಿಂತ ಕಿರಿದಾಗಿರಕೂಡದು, ಒಂದು ಜೋಡಣೆಯೂ ಸೋರಕೂಡದು, ಕಾಗದದ ಫಿಲ್ಟರ್ ತನ್ನ ಸ್ಥಾನದಲ್ಲೇ ಇರಬೇಕು. ಗ್ಯಾರಂಟಿ ಅವಧಿಯಲ್ಲಿರುವ ಗಾಡಿಗೆ ಸರ್ವಿಸ್ ಸ್ಟೇಷನ್ನಿನಿಂದ ಬರಹದಲ್ಲಿ ಒಪ್ಪಿಗೆ ಪಡೆಯದೆ ಇದನ್ನೂ ಮಾಡಿಸುವುದು ಬೇಡ.

ಫಿಲ್ಟರ್ ಬದಲಿಸುವ ಕ್ರಮ

ಇದು ಮನೆಯಂಗಳದಲ್ಲೇ ಮಾಡಬಹುದಾದ ಕೆಲಸ.

(ಅ) ಇಂಜಿನ್ ನಿಲ್ಲಿಸಿ, ಗಾಳಿ ಬೀಸದ ಜಾಗದಲ್ಲಿ ಗಾಡಿ ನಿಲ್ಲಿಸಿ. ಅಡಿಕೆ ಸುಲಿಯುವ ಯಂತ್ರ, ಕಾಫಿ ಹಲ್ಲರ್ ನಡೆಯುವ ಕಡೆ ಬೇಡ.

(ಆ) ಡಬ್ಬಿಯ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ಕ್ಲಿಪ್ ತೆಗೆಯಿರಿ.

(ಇ) ಹಳೆಯ ಫಿಲ್ಟರನ್ನು ಅಲುಗಿಸದೆ ನಿಧಾನವಾಗಿ ಎತ್ತಿ. ಇಂಜಿನ್ನಿಗೆ ಹೋಗುವ ಕೊಳವೆಯ ಬಾಯನ್ನು ಕೂಡಲೇ ಸ್ವಚ್ಛ ಬಟ್ಟೆಯಿಂದ ಮುಚ್ಚಿ, ಡಬ್ಬಿಯ ಒಳಗನ್ನು ಒರೆಸಿ. ಕೆಲಸ ಮುಗಿದ ಮೇಲೆ ಆ ಬಟ್ಟೆಯನ್ನು ತೆಗೆಯಲು ಮರೆಯಬೇಡಿ.

(ಈ) ಬಿಳಿ ಬಟ್ಟೆಯ ಪರೀಕ್ಷೆ: ಫಿಲ್ಟರ್ ದಾಟಿದ ಮೇಲಿನ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳನ್ನಾಡಿಸಿ. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಸೋರಿಕೆ ಇದೆ. ಹೋಸ್ ಬಿರಿದಿರಬಹುದು, ಕ್ಲಾಂಪ್ ಸಡಿಲವಾಗಿರಬಹುದು, ಅಂಚಿನ ರಬ್ಬರ್ ಕೂತಿರಲಿಕ್ಕಿಲ್ಲ. ಅದನ್ನು ಸರಿಪಡಿಸದೆ ಇಂಜಿನ್ ಚಾಲೂ ಮಾಡಬೇಡಿ.

(ಉ) ಹೊಸ ಫಿಲ್ಟರಿನ ಅಂಚು ಸುತ್ತಲೂ ಸಮನಾಗಿ ಕೂತಿದೆಯೆಂದು ಬೆರಳಾಡಿಸಿ ನೋಡಿ, ಎಲ್ಲ ಕ್ಲಿಪ್ಪುಗಳನ್ನೂ ಹಾಕಿ. ರಬ್ಬರ್ ಕೊಕ್ಕು ಇದ್ದರೆ ಅದನ್ನು ಹಿಚುಕಿ ಧೂಳು ಬೀಳಿಸಿ.

ಕಾಗದದ ಫಿಲ್ಟರನ್ನು ನೀರು, ಸೀಮೆಎಣ್ಣೆ, ಪೆಟ್ರೋಲುಗಳಲ್ಲಿ ತೊಳೆಯಬಾರದು, ನೆಲಕ್ಕೆ ಕುಟ್ಟಬಾರದು. ಪಂಕ್ಚರ್ ಅಂಗಡಿಯಲ್ಲಿ ಜೋರು ಗಾಳಿ ಹೊಡೆಸಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಅನಿವಾರ್ಯವಾದರೆ 30 ಪೌಂಡಿಗೆ ಮೀರದ ಒತ್ತಡದಲ್ಲಿ, ದೂರದಿಂದ, ಒಳಗಿನಿಂದ ಹೊರಕ್ಕೆ ಮಾತ್ರ ಹೊಡೆಸಿ. ಬಳಿಕ ಒಂದು ಬದಿಯಲ್ಲಿ ಟಾರ್ಚ್ ಹಿಡಿದು ನೋಡಿ. ಬೆಳಕು ಚುಕ್ಕಿಯಾಗಿ ಕಂಡರೆ ಆ ಫಿಲ್ಟರನ್ನು ಬಿಸಾಡಿ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಗಾಡಿಯ ಕೈಪಿಡಿಯಲ್ಲಿ ಧೂಳಿನ ರಸ್ತೆಗೆಂದು ಬೇರೆಯಾಗಿ ಕಡಿಮೆ ಅವಧಿ ಕೊಟ್ಟಿದ್ದರೆ ಅದೇ ನಮಗೆ ಅನ್ವಯ. ಹಾಗೆಂದು ವಾರವಾರವೂ ಡಬ್ಬಿ ತೆರೆಯುವುದೂ ತಪ್ಪು. ತೆರೆದಾಗಲೆಲ್ಲ ಅಷ್ಟಿಷ್ಟು ಧೂಳು ಒಳಗೆ ಬೀಳುತ್ತದೆ. ಕೊಯ್ಲು ಶುರುವಾಗುವ ಮುನ್ನ ಒಮ್ಮೆ, ಕೆರೆಗೋಡಿನ ಕೆಲಸ ಮುಗಿದ ಮೇಲೆ ಒಮ್ಮೆ ನೋಡುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಕೊನೆಯ ಮಾತು

ಎಳೆತ ಕುಗ್ಗಿ ಕಪ್ಪು ಹೊಗೆ ಬಂದರೆ ಮೊದಲು ಫಿಲ್ಟರ್ ಕಟ್ಟಿದೆಯೇ ನೋಡಿ. ನೀಲಿ ಹೊಗೆ ಬಂದು ಆಯಿಲ್ ಇಳಿಯುತ್ತಿದ್ದರೆ ತಡಮಾಡದೆ ಗಾಡಿಯನ್ನು ತೋರಿಸಿ. ತೆರೆದ ಫಿಲ್ಟರ್ ಹಾಕಿಸಿರುವ ಸದಸ್ಯರು ಹಳೆಯ ಡಬ್ಬಿಯನ್ನು ಗುಜರಿಗೆ ಹಾಕಿಲ್ಲವಾದರೆ ಈ ವಾರವೇ ತೆಗೆದು ಕೂರಿಸಿ, ಇಂಜಿನ್ ಆಯಿಲನ್ನೂ ಬದಲಿಸಿಕೊಳ್ಳಬೇಕೆಂದು ಕೋರುತ್ತೇವೆ. ನಮ್ಮನ್ನು ನೋಡಿ ತಪ್ಪು ಮಾಡಿದವರಿದ್ದಾರೆ. ಅದನ್ನು ತಿದ್ದಿಕೊಳ್ಳುವುದರಲ್ಲಿಯೂ ನಮ್ಮನ್ನು ನೋಡಲಿ ಎಂಬುದೇ ಈ ಬರಹದ ಉದ್ದೇಶ. ಬಿಳಿ ಬಟ್ಟೆಯ ಪರೀಕ್ಷೆಯನ್ನು ಕಣ್ಣಾರೆ ನೋಡಬಯಸುವವರು ಸಂಘಕ್ಕೆ ಬಂದಾಗ ಹೇಳಿದರೆ ನಮ್ಮ ಗಾಡಿಯಲ್ಲಿಯೇ ಬಿಚ್ಚಿ ತೋರಿಸುತ್ತೇವೆ.