ಹಳೆಯ ಲೆಕ್ಕಪುಸ್ತಕದ ‘ಪಟ್ಟೆ’, ‘ಚೀಟಿ’, ‘ಕುಂಟು’: ಜವಳಿ ಹೆಸರು ಗುರುತಿಸುವುದು ಹೇಗೆ?

ಕಾರ್ಕಳ, ಕಾಪು ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಮದುವೆ ಜವಳಿಯ ಪಟ್ಟಿ, ಅಂಗಡಿ ಬಾಕಿಯ ಲೆಕ್ಕ ಬರೆದ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಅದರಲ್ಲಿರುವ ಬಟ್ಟೆಗಳ ಹೆಸರು ಬಿಡಿಸಲು ದಾರಿಯಿದೆ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ತಾರೀಕು ಹರಿದುಹೋಗಿದ್ದರೆ ಹಣದ ಲೆಕ್ಕ ನೋಡಿ. ಆಣೆ, ಪೈ ಇದ್ದರೆ ಆ ಪುಟ ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ರಂದು ನಯಾಪೈಸೆ ಬಂತು.

ಎರಡನೆಯದಾಗಿ, ಹೆಸರನ್ನು ಗಟ್ಟಿಯಾಗಿ ಓದಿ. ಹಳೆಯ ಕೈಬರಹದಲ್ಲಿ ದೀರ್ಘ, ಒತ್ತುಗಳು ಬಿಟ್ಟುಹೋಗಿರುತ್ತವೆ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ‘ಮಲು’ ಎಂದಿದ್ದರೆ ಅದು ತೆಳುವಾದ ಹತ್ತಿಬಟ್ಟೆ ಮಲ್ಲು ಇರಬಹುದು.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ. ಬರೆದದ್ದು ಕನ್ನಡ, ಮನೆಮಾತು ತುಳುವೋ ಕೊಂಕಣಿಯೋ. ಲೆಕ್ಕದಲ್ಲಿ ‘ಕುಂಟು’ ಕಂಡರೆ ಅದು ತುಳುವಿನ ಬಟ್ಟೆ. ‘ಚೀಟಿ’ ಕಾಗದದ ಚೂರೂ ಆಗಬಹುದು, ಹೂವಿನ ಅಚ್ಚಿನ ಬಟ್ಟೆಯೂ ಆಗಬಹುದು. ಪಕ್ಕದಲ್ಲಿ ಗಜ, ಮೊಳ ಇದ್ದರೆ ಬಟ್ಟೆಯೇ. ‘ಪಟ್ಟೆ’ಯಂತೂ ಇನ್ನೂ ತೊಡಕು: ಪಟ್ಟೆಸೀರೆ ಎಂದರೆ ರೇಷ್ಮೆ, ಆದರೆ ಬರೀ ಗೀರಿಗೂ ಪಟ್ಟೆ ಎನ್ನುತ್ತೇವೆ. ಅದೇ ಪುಟದ ಹತ್ತಿಸೀರೆಯ ಬೆಲೆಯೊಡನೆ ಹೋಲಿಸಿ. ಹಲವು ಪಟ್ಟು ಹೆಚ್ಚಿದ್ದರೆ, ಮದುವೆಗೋ ಮಡಿಗೋ ತಂದದ್ದಾದರೆ ರೇಷ್ಮೆ. ನನ್ನ ಮಟ್ಟಿಗೆ ನಿಘಂಟಿಗಿಂತ ಮೊದಲು ನಂಬಬೇಕಾದದ್ದು ಬೆಲೆ, ಅಳತೆ, ಸಂದರ್ಭ ಈ ಮೂರನ್ನು.

ಆಮೇಲೆ ನಿಘಂಟು. ಕಿಟೆಲ್ ಅವರ ಕನ್ನಡ ನಿಘಂಟು (1894), ಮ್ಯಾನರ್ ಅವರ ತುಳು ನಿಘಂಟು (1886), ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು, ಮೂರನ್ನೂ ನೋಡಿ. ಸಕಲಾತಿ ಉಣ್ಣೆಯ ಬಟ್ಟೆ ಎಂಬಂಥದ್ದು ಅಲ್ಲೇ ಬಗೆಹರಿಯುತ್ತದೆ.

ಪೆಟ್ಟಿಗೆಯಲ್ಲಿ ಆ ಕಾಲದ ಬಟ್ಟೆಯೂ ಇದ್ದರೆ ಸಡಿಲವಾದ ಒಂದೇ ಎಳೆಯನ್ನು ಸುಟ್ಟು ನೋಡಿ. ಹತ್ತಿ ಕಾಗದದಂತೆ ನಾರುತ್ತದೆ, ರೇಷ್ಮೆ ಕೂದಲು ಸುಟ್ಟಂತೆ. ಬಟ್ಟೆಯನ್ನು ಮಾತ್ರ ಕತ್ತರಿಸಬೇಡಿ.

ಕೊನೆಗೆ ನೇಕಾರರನ್ನು ಕೇಳಿ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಕಾರ್ಕಳದ ಕದಿಕೆ ಟ್ರಸ್ಟ್ ಅದರ ನೇಯ್ಗೆಯನ್ನು ಉಳಿಸುವ ಕೆಲಸ ಮಾಡುತ್ತಿದೆ. ಮಗ್ಗದ ಮುಂದೆ ಕೂತ ಹಿರಿಯರು ನೂಲು ಮುಟ್ಟಿಯೇ ಬಟ್ಟೆಯ ಜಾತಿ ಹೇಳುತ್ತಾರೆ.

ತಿಳಿದದ್ದನ್ನು ಮೂಲ ಪುಟದ ಮೇಲಲ್ಲ, ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಯಲ್ಲಿ ಅಜ್ಜಿಯಿದ್ದರೆ ಈ ಭಾನುವಾರವೇ ಪುಸ್ತಕ ಹಿಡಿದು ಅವರ ಪಕ್ಕ ಕೂತುಕೊಳ್ಳಿ.